ಸರ್ಪಗಂಧಿ: ಒಂದೇ ಬೇರಿನ ಮದ್ದು ಮತ್ತು ವಿಷ

ದೆಹಲಿಯ ಕರೋಲ್‌ಬಾಗ್ ಎಂದೊಡನೆ ನಮಗೆ ನೆನಪಾಗುವುದು ಅಂಗಡಿಸಾಲುಗಳು. ಅಲ್ಲಿಯೇ ಇರುವ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಸಲೀಮುಝ್ಝಮಾನ್ ಸಿದ್ದಿಕಿಯವರು 1931ರಲ್ಲಿ ಸರ್ಪಗಂಧಿಯ ಬೇರಿನಿಂದ ಹಲವು ಸಸ್ಯಕ್ಷಾರಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ಹಕೀಂ ಅಜ್ಮಲ್ ಖಾನರ ಸ್ಮರಣಾರ್ಥ 'ಅಜ್ಮಲೀನ್' ಎಂದು ಹೆಸರಿಟ್ಟರು.

ನಮ್ಮ ಪಶ್ಚಿಮಘಟ್ಟದ ನೆರಳಿನಲ್ಲಿಯೂ ಬೆಳೆಯುವ ಈ ಪುಟ್ಟ ಗಿಡ ವೈದ್ಯರಿಗೆ ಹೊಸದೇನಲ್ಲ. ಹಾವಿನ ಕಡಿತಕ್ಕೂ ಚಿತ್ತಭ್ರಮೆಗೂ ಅದರ ಬೇರನ್ನು ಕೊಡುತ್ತಿದ್ದರು. ಬಿಹಾರದಲ್ಲಿ ಅದಕ್ಕೆ 'ಹುಚ್ಚಿನ ಮದ್ದು' ಎಂಬ ಹೆಸರೇ ಇತ್ತು. 1931ರಲ್ಲಿಯೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು, ಇದು ಉನ್ಮಾದವನ್ನು ಶಮನಗೊಳಿಸುವುದರ ಜೊತೆಗೆ ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದ ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದೇ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ತೆಗೆದರು. ರಕ್ತದೊತ್ತಡಕ್ಕೂ ಮಾನಸಿಕ ರೋಗಕ್ಕೂ ಅದರ ಬಳಕೆ ಲೋಕವ್ಯಾಪಿಯಾಯಿತು.

ಆದರೆ ಕೆಲವೇ ವರ್ಷಗಳಲ್ಲಿ ಬೇರೊಂದು ಬಗೆಯ ವರದಿಗಳು ಬರತೊಡಗಿದವು. ರಕ್ತದೊತ್ತಡ ಇಳಿದ ಕೆಲವು ರೋಗಿಗಳು ಗಾಢ ಖಿನ್ನತೆಗೆ ಜಾರಿದ್ದರು; ಆತ್ಮಹತ್ಯೆಯ ಪ್ರಕರಣಗಳೂ ಇದ್ದವು. ರೆಸರ್ಪಿನ್ ನರತಂತುಗಳಲ್ಲಿ ಸಂಗ್ರಹವಾಗಿರುವ ನಾರ್‌ಅಡ್ರಿನಲಿನ್, ಸೆರೊಟೋನಿನ್, ಡೋಪಮಿನ್‌ಗಳನ್ನು ಬರಿದುಮಾಡುತ್ತದೆ. ರಕ್ತನಾಳಗಳನ್ನು ಸಡಿಲಿಸಿದ್ದೂ ಇದೇ ಗುಣ, ಮನಸ್ಸನ್ನು ಕುಗ್ಗಿಸಿತೆಂದು ಶಂಕಿಸಿದ್ದೂ ಇದನ್ನೇ. ಖಿನ್ನತೆಗೆ ಅದು ಎಷ್ಟರಮಟ್ಟಿಗೆ ಹೊಣೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಮೆದುಳಿನ ರಾಸಾಯನಿಕಗಳಿಗೂ ಮನಸ್ಥಿತಿಗೂ ಇರುವ ನಂಟನ್ನು ಅರಸಲು ವಿಜ್ಞಾನವನ್ನು ಪ್ರೇರೇಪಿಸಿದ ಸುಳಿವುಗಳಲ್ಲಿ ಇದೂ ಒಂದು.

ಇಂದಿಗೂ ನಮ್ಮಲ್ಲಿ ವೈದ್ಯರು ಬರೆದುಕೊಟ್ಟ ಮಾತ್ರೆ ಬಿಟ್ಟು, ಊರಿನಿಂದ ತರಿಸಿದ ಬೇರಿನ ಪುಡಿಯನ್ನು ನಂಬುವವರುಂಟು. 'ಗಿಡಮೂಲಿಕೆ ತಾನೇ, ಕೆಡುಕೇನು?' ಎಂಬುದು ಅವರ ಸಮಾಧಾನ. ರೆಸರ್ಪಿನ್‌ನ ಪ್ರಮಾಣವನ್ನು ಮಿಲಿಗ್ರಾಮಿನ ಭಿನ್ನಾಂಶಗಳಲ್ಲಿ ಅಳೆಯುತ್ತಾರೆ. ಬೇರಿನಿಂದ ಬೇರಿಗೆ ಅದರ ಅಂಶ ವ್ಯತ್ಯಾಸವಾಗುತ್ತದೆ. ಚಮಚಕ್ಕೆ ಈ ಲೆಕ್ಕ ತಿಳಿಯದು. ಬೇರಿಗಾಗಿ ಬುಡಸಮೇತ ಕಿತ್ತು, ಕೊನೆಗೆ 1990ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಗಿ ಬಂದ ಈ ಗಿಡವನ್ನು ಗೌರವಿಸುವುದೆಂದರೆ, ಅದರ ಶಕ್ತಿಯನ್ನು ನಂಬುವಷ್ಟೇ ಅದಕ್ಕೆ ಅಂಜುವುದೂ ಹೌದು.