ಕೇರಿ ನಾಯಿ ಶೆಲ್ಟರ್ ಸೇರಿದ್ದು

ಹೋದ ವಾರ ಅಕ್ಕನ ಮಗಳು ಫೋನ್ ಮಾಡಿ, "ಚಿಕ್ಕಮ್ಮ, ನಾಯಿ ಶೆಲ್ಟರಿಗೆ ಹಳೇ ಬಟ್ಟೆ ಬೇಕಂತೆ, ಇದ್ರೆ ಕೊಡಿ" ಅಂದ್ಲು. ಬೀರು ತೆಗೆದು ನಾಲ್ಕು ದುಪ್ಪಟಿ, ಎಲ್ಡು ಹರಿದ ಕೌದಿ ಗಂಟು ಕಟ್ಕೊಂಡು ಅವಳ ಸ್ಕೂಟಿ ಹಿಂದೆ ಕೂತು ಹೋದೆ. ತುಮಕೂರು ದಾಟಿ ಒಂದಿಷ್ಟು ದೂರ, ತೋಟದ ಪಕ್ಕ. ಗೇಟು ಹತ್ರ ಹೋಗ್ತಿದ್ದಂಗೇ ಕಿವಿ ಕಿತ್ತೋಗೋ ಹಂಗೆ ಬೊಗಳಾಟ. ಎಣಿಸೋಕೆ ಹೊರಟೆ, ನಲವತ್ತಕ್ಕೆ ಬಿಟ್ಟೆ.

ಬರೀ ಬೀದಿ ನಾಯಿ ಇರ್ತವೆ ಅಂದ್ಕೊಂಡಿದ್ದೆ ಕಣ್ರೇ. ಅವೂ ಇದ್ವು. ಕಿವಿ ತುದಿ ಚೂರು ಕತ್ತರಿಸಿರೋವು. ಅದು ಆಪರೇಷನ್ ಆಗಿರೋ ಗುರುತಂತೆ, ಗಾಯ ಅಲ್ಲ. ಆದ್ರೆ ಅವುಗಳ ಜೊತೆಗೇ ಎರಡು ಲ್ಯಾಬ್ರಡಾರ್, ಮೂತಿ ಚಪ್ಪಟೆ ಇರೋ ಪಗ್ಗು, ನಮ್ಮ ಬಿಸಿಲಿಗೆ ನಾಲಿಗೆ ಚಾಚ್ಕೊಂಡು ಏದುಸಿರು ಬಿಡ್ತಿದ್ದ ಹಸ್ಕಿ, ಕಣ್ಣು ಹೋದ ಮುದುಕ ಪಮೇರಿಯನ್. ಇವ್ಯಾವೂ ಬೀದೀಲಿ ಹುಟ್ಟಿದ್ದಲ್ಲ. ಯಾರೋ ದುಡ್ಡು ಕೊಟ್ಟು ತಂದು, ಹೆಸರಿಟ್ಟು, ಮಕ್ಕಳ ಜೊತೆ ಫೋಟೋ ತೆಗೆಸಿ, ಆಮೇಲೆ ಬಿಟ್ಟೋಗಿರೋವು.

ವಾಪಸ್ ಬರ್ತಾ ದಾರಿಯುದ್ದಕ್ಕೂ ನಂಗೆ ಗುಬ್ಬಿ ನೆನಪು. ನಮ್ಮ ಕೇರಿಗೊಂದು ಕರಿಯ ಇತ್ತು. ಯಾರ ಮನೇದು ಅಂದ್ರೆ ಯಾರದೂ ಅಲ್ಲ, ಎಲ್ಲರದೂ. ನಮ್ಮನೇಲಿ ಮುದ್ದೆ ಪಾತ್ರೆ ತಳದ ಸೀಕು, ಎದುರು ಮನೇಲಿ ತಂಗಳು, ಹಬ್ಬ ಆದ್ರೆ ಎಂಜಲೆಲೆ. ಅಪರಿಚಿತರು ಕೇರಿಗೆ ಕಾಲಿಟ್ರೆ ಬೊಗಳೋದು ಅದರ ಕೆಲಸ. ರಾಜರತ್ನಂ ಅವರ ನಾಯಿಮರಿ ಪದ್ಯ ನಾವೆಲ್ಲ ಕಲ್ತಿದ್ದೀವಲ್ಲ, ಅದರಲ್ಲಿರೋದೂ ಇದೇ ಲೆಕ್ಕ: ನೀನು ತಿಂಡಿ ಕೊಡು, ನಾನು ಮನೆ ಕಾಯ್ತೀನಿ.

ಈ ಲೆಕ್ಕ ಎಷ್ಟು ಹಳೇದು ಅಂತ ನೋಡ್ಬೇಕಂದ್ರೆ ಬೆಂಗಳೂರಿನ ಕಸ್ತೂರಬಾ ರಸ್ತೆ ಮ್ಯೂಸಿಯಮ್ಮಿಗೆ ಹೋಗ್ಬೇಕು. ಆತಕೂರಿನ ಕಲ್ಲು ಅಂತ ಒಂದೈತೆ. ಆತಕೂರು ನಮ್ಮ ಕುಣಿಗಲ್ಲಿಗೆ ದೂರ ಏನಲ್ಲ, ಮದ್ದೂರು ತಾಲ್ಲೂಕು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರೂ ಗಂಗರೂ ಸೇರಿ ಚೋಳರನ್ನ ಸೋಲಿಸಿದ್ರು. ಆ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಮಣಲೆರ ಅನ್ನೋನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು, ಚಿನ್ನ ಕೇಳ್ಬೋದಿತ್ತು. ಅವನು ಕೇಳಿದ್ದು ಕಾಳಿ ಅನ್ನೋ ನಾಯೀನ. ಆಮೇಲೆ ಕೆಳಲೆ ಅನ್ನೋ ಊರ ಹತ್ರ ಆ ಕಾಳಿ ಕಾಡುಹಂದಿ ಮೇಲೆ ಬಿದ್ದು, ಹಂದೀನೂ ಸತ್ತು ತಾನೂ ಸತ್ತಿತು. ಮಣಲೆರ ಅದಕ್ಕೆ ವೀರಗಲ್ಲು ನಿಲ್ಲಿಸಿ, ಭೂಮಿ ಬಿಡಿಸಿ, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅಂತ ಬರೆಸಿದ್ದಾನೆ. ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಕಾದಾಡ್ತಾ ಇರೋ ಹಂಗೇ ಕೆತ್ತಿದ್ದಾರೆ. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಯಜಮಾನರು "ನಾಯಿ ನೋಡೋಕೆ ಬೆಂಗಳೂರಿಗೆ ಬರ್ಬೇಕಿತ್ತಾ" ಅಂದ್ರು.

ಹಂಗಂತ ಹಳೇ ಕಾಲ ಎಲ್ಲ ಚೆಂದ ಅಂತ ನಾನು ಹೇಳಲ್ಲ. ಕೇರೀಲಿ ಹೆಣ್ಣುನಾಯಿ ಈದ್ರೆ ಗಂಡುಮರಿ ಉಳೀತಿದ್ವು, ಹೆಣ್ಣುಮರಿ ಗೋಣಿಚೀಲಕ್ಕೆ. ಕಣ್ಣು ಬಿಡೋ ಮುಂಚೆ ಕೆರೆ ಆಚೆ ಬಿಟ್ಟು ಬರೋದು. ನಮ್ಮಜ್ಜಿ ಒಂದ್ಸಾರಿ ಆ ಚೀಲ ನನ್ನ ಕೈಗೆ ಕೊಟ್ಟಿದ್ರು, ನಂಗಾಗ ಒಂಬತ್ತು ವರ್ಷ. ಬಿಸಿ ಬಿಸಿಯಾಗಿ ಅಲ್ಲಾಡ್ತಿತ್ತು. ಬಿಟ್ಟು ಬಂದೆ. ಯಾರೂ ತಪ್ಪು ಅನ್ನಲಿಲ್ಲ.

ಹುಚ್ಚುನಾಯಿ ಭಯಾನೂ ಸುಳ್ಳಲ್ಲ. ಪಾಶ್ಚರ್ ಮಹಾಶಯ 1885ರಲ್ಲೇ ಲಸಿಕೆ ಕಂಡುಹಿಡಿದು ಒಬ್ಬ ಹುಡುಗನ್ನ ಉಳಿಸಿದ್ರು, ನಮ್ಮ ಪಕ್ಕದ ಕೂನೂರಲ್ಲಿ 1907ಕ್ಕೇ ಅವರ ಹೆಸರಿನ ಸಂಸ್ಥೆ ಬಂತು. ಆದ್ರೂ ನಮ್ಮ ಕಾಲಕ್ಕೆ ನಾಯಿ ಕಚ್ಚಿದ್ರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಆ ನೋವಿಗೆ ಹೆದರಿ ಅರ್ಧಕ್ಕೇ ಬಿಟ್ಟೋರು ಎಷ್ಟೋ. ಈಗ ತೋಳಿಗೆ ನಾಲ್ಕೈದು ಸಾರಿ ಅಷ್ಟೇ. ಕಚ್ಚಿದ ತಕ್ಷಣ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀರಿ, ಅರಿಶಿನ, ಕಾಫಿಪುಡಿ ಏನೂ ಮೆತ್ತಬೇಡಿ, ನೇರ ಆಸ್ಪತ್ರೆಗೆ ಹೋಗಿ. ರೋಗದ ಲಕ್ಷಣ ಕಂಡ ಮೇಲೆ ಔಷಧಿ ಇಲ್ಲ.

ಆ ಭಯಕ್ಕೇ ಎಷ್ಟೋ ಊರುಗಳಲ್ಲಿ ನಾಯಿ ಕೊಲ್ಲೋದೇ ಉಪಾಯ ಅಂತಿತ್ತು. ಗಾಡಿ ಬರೋದು, ವಿಷ ಇಡೋರು. ಕೊಂದಷ್ಟೂ ಆ ಜಾಗಕ್ಕೆ ಬೇರೆ ನಾಯಿ ಬರ್ತಿದ್ವು, ಯಾಕಂದ್ರೆ ಕಸ ಅಲ್ಲೇ ಇರ್ತಿತ್ತಲ್ಲ. ಚೆನ್ನೈಯಲ್ಲಿ ಶುರುವಾದ ಬ್ಲೂ ಕ್ರಾಸಿನೋರು, ಕೊಲ್ಲೋ ಬದಲು ಸಂತಾನ ನಿಲ್ಲಿಸಿ ಅಂತ ಹೇಳ್ತಾ ಬಂದ್ರು. ಬೆಂಗಳೂರಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಅನ್ನೋ ವಯಸ್ಸಾದ ಹೆಂಗಸು ಕ್ಯೂಪಾ ಶುರು ಮಾಡಿದ್ರು. ಕೊನೆಗೆ 2001ರಲ್ಲಿ ದೇಶಕ್ಕೇ ನಿಯಮ ಆಯ್ತು: ಹಿಡೀರಿ, ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ. ನಿಯಮ ಚೆನ್ನಾಗೇ ಐತೆ. ಆದ್ರೆ ನೂರಕ್ಕೆ ಎಪ್ಪತ್ತು ನಾಯಿಗಾದ್ರೂ ಲಸಿಕೆ ಬಿದ್ರೆ ಮಾತ್ರ ರೇಬಿಸ್ ನಿಲ್ಲೋದು. ಇಪ್ಪತ್ತಕ್ಕೆ ಮಾಡಿ ಸುಮ್ನಾದ್ರೆ ಹೊಲಕ್ಕೆ ಅರ್ಧ ಬೇಲಿ ಹಾಕ್ದಂಗೆ. ಬೆಂಗಳೂರಲ್ಲಿ ಸತತವಾಗಿ ಮಾಡಿದ್ದಕ್ಕೆ 2019ರಲ್ಲಿ 3.10 ಲಕ್ಷ ಇದ್ದ ಬೀದಿ ನಾಯಿ 2023ರ ಎಣಿಕೆಗೆ 2.79 ಲಕ್ಷಕ್ಕೆ ಇಳೀತು.

ಹೋದ ವರ್ಷ ಅಂದ್ರೆ 2025ರಲ್ಲಿ ಸುಪ್ರೀಂ ಕೋರ್ಟ್ ಸುದ್ದಿ ನೀವೂ ಟೀವೀಲಿ ನೋಡಿರ್ತೀರಿ. ಆಗಸ್ಟ್ 11ಕ್ಕೆ ದೆಹಲಿ ನಾಯೀನೆಲ್ಲ ಶೆಲ್ಟರಿಗೆ ಹಾಕಿ ಅಂತು, 22ಕ್ಕೆ ಅದನ್ನ ಸಡಿಲ ಮಾಡ್ತು. ನವೆಂಬರ್ 7ಕ್ಕೆ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಇಂಥ ಕಡೆ ಇರೋ ನಾಯೀನ ತೆಗೆದು ಶೆಲ್ಟರಿಗೆ ಸೇರಿಸಿ, ವಾಪಸ್ ಅಲ್ಲಿಗೆ ಬಿಡ್ಬೇಡಿ ಅಂತ ದೇಶಕ್ಕೆಲ್ಲ ಹೇಳ್ತು. ಮೊಮ್ಮಕ್ಕಳನ್ನ ಸ್ಕೂಲಿಗೆ ಕಳಿಸೋಳು ನಾನು, ಅದು ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ. ಆದ್ರೆ ಆ ಶೆಲ್ಟರ್ ನೋಡಿ ಬಂದ ಮೇಲೆ ಒಂದು ಕೇಳ್ತೀನಿ: ಇನ್ನೂ ಎಲ್ಲಿಡ್ತಾರೆ?

ಅರ್ಧ ಜಾಗ ನಮ್ಮಂಥೋರು ಬಿಟ್ಟಿರೋವೇ ತುಂಬ್ಕೊಂಡವೆ. ನಾನು ಮದುವೆಯಾಗಿ ಬಂದ ಕಾಲಕ್ಕೆ ಇದ್ದೋರ ಮನೇಲೆಲ್ಲ ಪಮೇರಿಯನ್. 2003ರಲ್ಲಿ ಹಚ್ ಜಾಹೀರಾತು ಬಂದ ಮೇಲೆ ಪಗ್ಗು. 2022ರಲ್ಲಿ 777 ಚಾರ್ಲಿ ನೋಡಿ ಎಲ್ಲರೂ ಅತ್ವಿ. ಆ ಸಿನಿಮಾದಲ್ಲಿ ನಾಯಿ ಮರಿ ಮಾಡಿ ಮಾರೋನ ಕ್ರೌರ್ಯಾನೇ ತೋರಿಸಿದ್ದು. ಹಂಗಿದ್ರೂ ಥಿಯೇಟರಿಂದ ಬಂದ ಮಕ್ಕಳು ಕೇಳಿದ್ದು ಅಂಗಡಿ ಲ್ಯಾಬ್ರಡಾರನ್ನೇ. ಸಾಕಿದ ಪ್ರಾಣೀನ ಬಿಟ್ಟೋಗೋದು 1960ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಾರಿ ದಂಡ ಎಷ್ಟು ಗೊತ್ತಾ, ಹತ್ತು ರೂಪಾಯಿಂದ ಐವತ್ತು.

ಆ ಐವತ್ತು ರೂಪಾಯಿ ನಾನೂ ಕಟ್ಬೇಕಾದೋಳೇ. ಕುಣಿಗಲ್ಲಲ್ಲಿ ನಮ್ಮತ್ತೆ ಸಾಕಿದ್ದ ರಾಜ ಅಂತ ಒಂದು ನಾಟಿ ನಾಯಿ. ಅತ್ತೆ ತೀರ್ಕೊಂಡ್ರು, ಮನೆ ಮಾರಿದ್ವಿ, ತುಮಕೂರಲ್ಲಿ ಬಾಡಿಗೆ ಮನೇಗೆ ಬಂದ್ವಿ. ಓನರು ನಾಯಿ ಬೇಡ ಅಂದ್ರು. ನಾನೂ ಒಂದು ಮಾತು ಎದುರಾಡಲಿಲ್ಲ, ಒಳಗೊಳಗೇ ಒಳ್ಳೇದಾಯ್ತು ಅಂದ್ಕೊಂಡೆ. ತೋಟದ ಮನೆಯೋರಿಗೆ ಕೊಟ್ಟು ಲಾರಿ ಹತ್ತಿದ್ವಿ. ಅದು ಹಗ್ಗ ಕಡ್ಕೊಂಡು ಹಳೇ ಮನೆ ಬಾಗ್ಲಿಗೆ ಬಂದು ಎಂಟು ದಿನ ಕೂತಿತ್ತಂತೆ. ಪಕ್ಕದ ಮನೆಯೋರು ಅನ್ನ ಹಾಕಿದ್ರೆ ಮೂಸಿ ನೋಡಿ ಸುಮ್ನಾಗ್ತಿತ್ತಂತೆ. ಒಂಬತ್ತನೇ ದಿನ ಕಾಣ್ಲಿಲ್ಲ. ನಾವು ಹೋಗಿ ಹುಡುಕಲಿಲ್ಲ, ಮನೆ ಜೋಡಿಸೋ ಕೆಲಸ ಇತ್ತು.

ಆ ಕುರುಡು ಪಮೇರಿಯನ್ ನನ್ನ ಸೀರೆ ಸೆರಗು ಮೂಸಿ ಮೂಸಿ, ತನ್ನೋರಲ್ಲ ಅಂತ ಗೊತ್ತಾಗಿ ಗೋಡೆ ಕಡೆ ತಿರುಗಿ ಮಲಕ್ಕೊಂತು.

ಭಾನುವಾರ ಮತ್ತೆ ಹೋಗ್ತಿದ್ದೀನಿ. ಅಲ್ಲಿ ಅಡುಗೆ ಮಾಡೋ ಹೆಂಗಸು, ಚಳಿಗೆ ನೆಲ ಕೊರೀತದೆ, ಹಾಸೋಕೆ ಗೋಣಿಚೀಲ ಸಾಲ್ತಿಲ್ಲ ಅಂದ್ಲು. ನಿಮ್ಮನೇಲಿ ರಾಗಿ ಖಾಲಿಯಾದ ಚೀಲ ಇದ್ರೆ ಒದರಿ ಬಿಸಿಲಿಗೆ ಹಾಕಿಡ್ರಮ್ಮ, ಶನಿವಾರ ಸಂಜೆ ಬಂದು ತಗೊಂಡೋಗ್ತೀನಿ.