ಪಡಿಯಚ್ಚಿನ ಚಿತ್ರದಲ್ಲಿ ಹಿನ್ನೆಲೆಯ ಪಾರದರ್ಶಕತೆ: ಕಡೂರು, ತರೀಕೆರೆ, ಅಜ್ಜಂಪುರ ಶಾಸನಗಳ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 6ನೆಯ ಸಂಪುಟ (1901) ಅಂದಿನ ಕಡೂರು ಜಿಲ್ಲೆಯ ಶಾಸನಗಳದು. ಈ ಸಂಪುಟದ ಪಾಠವನ್ನು ಕಲ್ಲಿನೊಡನೆ ಮತ್ತೆ ತಾಳೆ ನೋಡಲು ಇಂದು ಬಳಕೆಯಲ್ಲಿರುವ ಕ್ರಮಗಳಲ್ಲಿ ಒಂದು, ಪಡಿಯಚ್ಚಿನ ಸ್ಕ್ಯಾನ್ ಪ್ರತಿಯ ಹಿನ್ನೆಲೆಯನ್ನು ಪಾರದರ್ಶಕಗೊಳಿಸಿ, ಉಳಿದ ಅಕ್ಷರರೂಪವನ್ನು ಕಲ್ಲಿನ ಛಾಯಾಚಿತ್ರದ ಮೇಲೆ ಕೂರಿಸುವುದು. ಈ ಟಿಪ್ಪಣಿ ಆ ಒಂದು ಹಂತಕ್ಕೆ ಮಾತ್ರ ಸೀಮಿತ. ಪಾಠನಿರ್ಣಯ ಇದರ ವಿಷಯವಲ್ಲ.

2. ಯಾವುದು ಹಿನ್ನೆಲೆ

ಪಡಿಯಚ್ಚು ತೆಗೆಯುವಾಗ ಒದ್ದೆ ಕಾಗದವನ್ನು ಕುಂಚದಿಂದ ಬಡಿದು ಕಲ್ಲಿಗೆ ಕೂರಿಸಿ, ಮೇಲೆ ಮಸಿ ತಟ್ಟುತ್ತಾರೆ. ಕೊರೆದ ಗೆರೆಗಳ ಒಳಕ್ಕೆ ಮಸಿ ತಾಗದ ಕಾರಣ ಅಕ್ಷರ ಬಿಳಿಯಾಗಿಯೂ ಸುತ್ತಲಿನ ಕಲ್ಲು ಕಪ್ಪಾಗಿಯೂ ಮೂಡುತ್ತವೆ. ಅಚ್ಚಾದ ಪುಟ, ಸಹಿ, ಮುದ್ರೆ ಮುಂತಾದವುಗಳಿಗೆ ರೂಢಿಯಾಗಿರುವಂತೆ 'ಬಿಳಿಯನ್ನು ತೆಗೆ' ಎಂದು ತಂತ್ರಾಂಶಕ್ಕೆ ಹೇಳಿದರೆ ಇಲ್ಲಿ ಹೋಗುವುದು ಅಕ್ಷರವೇ. ತೆಗೆಯಬೇಕಾದದ್ದು ಕಪ್ಪು.

ಇದರಿಂದಲೂ ತೊಡಕು ಪೂರ್ತಿ ಬಗೆಹರಿಯುವುದಿಲ್ಲ. ಕಲ್ಲಿನ ಚಕ್ಕೆ ಎದ್ದ ಜಾಗ, ಸವೆತದ ಗುಂಡಿ, ಮಸಿ ತಪ್ಪಿದ ಕಡೆ ಇವೆಲ್ಲವೂ ಬಿಳಿಯೇ. ಬಣ್ಣವನ್ನಷ್ಟೇ ಆಧರಿಸಿದ ಯಾವ ವಿಧಾನವೂ ಇವನ್ನು ಅಕ್ಷರದಿಂದ ಬೇರ್ಪಡಿಸಲಾರದು.

3. ವಿಧಾನಗಳ ನಡುವಿನ ವ್ಯತ್ಯಾಸ

(ಅ) ಒಂದೇ ಮಿತಿಮೌಲ್ಯದಿಂದ ಚಿತ್ರವನ್ನು ಕಪ್ಪು–ಬಿಳಿ ಎಂದು ಎರಡು ಭಾಗ ಮಾಡುವುದು. ಓಟ್ಸು 1979ರಲ್ಲಿ ಪ್ರಕಟಿಸಿದ ವಿಧಾನ ಈ ವರ್ಗದ್ದು. ಅದು ಇಡೀ ಚಿತ್ರಕ್ಕೆ ಒಂದೇ ಮಿತಿಯನ್ನು ಆರಿಸುತ್ತದೆ. ಪಡಿಯಚ್ಚಿನ ಮಸಿ ಎಲ್ಲೆಡೆ ಸಮನಾಗಿರುವುದು ಅಪರೂಪವಾದ್ದರಿಂದ, ಮಸಿ ತೆಳುವಾದ ಕಡೆ ಸೊನ್ನೆಯ ಒಳಚುಕ್ಕೆ ಬಿಳಿಗೆ ಸೇರಿಹೋಗಬಹುದು, ದಟ್ಟವಾದ ಕಡೆ ಒತ್ತಕ್ಷರದ ಬಾಲ ಅಳಿಯಬಹುದು.

(ಆ) ನರಜಾಲ ಆಧಾರಿತ ಸ್ವಯಂಚಾಲಿತ ಸಾಧನಗಳು. ಮುಕ್ತ ಆಕರದ 'ರೆಂಬಿಜಿ'ಯ ರೂಢಿಯ ಮಾದರಿ ಯು2–ನೆಟ್ (2020). ಇದು ಚಿತ್ರವನ್ನು 320×320 ಬಿಂದುಗಳಿಗೆ ಇಳಿಸಿ ನೋಡುತ್ತದೆ. 6,400 ಬಿಂದು ಉದ್ದದ ಸ್ಕ್ಯಾನ್ ಹೀಗೆ 20 ಪಟ್ಟು ಕುಗ್ಗುತ್ತದೆ. 15 ಬಿಂದು ಅಗಲದ ಗೆರೆಗೆ ಒಂದು ಬಿಂದುವೂ ದಕ್ಕುವುದಿಲ್ಲ. ಇಂಥ ಸಾಧನ ಕಾಗದದ ಹಾಳೆಯನ್ನೇ ಒಂದು ವಸ್ತುವೆಂದು ಉಳಿಸಿ ಮೇಜನ್ನು ತೆಗೆದುಹಾಕುವ ಸಂಭವ ಹೆಚ್ಚು. ಫ್ಲೆಕ್ಸ್‌ಗೆ ಭಾವಚಿತ್ರ ಕತ್ತರಿಸಲು ಅದು ಸಾಕು; ಈ ಕೆಲಸಕ್ಕಲ್ಲ.

(ಇ) ಜಿಂಪ್ ತಂತ್ರಾಂಶದ 'ಕಲರ್ ಟು ಆಲ್ಫಾ'. ಇದು ಬಿಂದುವನ್ನು ಇಡಬೇಕೇ ಬಿಡಬೇಕೇ ಎಂದು ತೀರ್ಮಾನಿಸದೆ, ಆರಿಸಿದ ಬಣ್ಣ ಅದರಲ್ಲಿರುವಷ್ಟೂ ಪಾಲನ್ನು ಪಾರದರ್ಶಕತೆಯಾಗಿ ಮಾರ್ಪಡಿಸುತ್ತದೆ. ಕಪ್ಪನ್ನು ಆರಿಸಿದಾಗ, 8 ಬಿಟ್ ಬೂದು ಮೌಲ್ಯ 128 ಇರುವ ಬಿಂದು ಬಣ್ಣದಲ್ಲಿ ಪೂರ್ಣ ಬಿಳಿ (255), ಆಲ್ಫಾದಲ್ಲಿ (ಅಪಾರದರ್ಶಕತೆಯ ಮೌಲ್ಯದಲ್ಲಿ) 128 ಆಗುತ್ತದೆ. ಮತ್ತೆ ಕಪ್ಪಿನ ಮೇಲೆ ಇಟ್ಟರೆ ಮೂಲದ 128 ಮರಳುತ್ತದೆ. ಹಿಂದಕ್ಕೆ ಹೋಗಲು ದಾರಿ ಬಿಡುವುದರಿಂದ ಮೂರರಲ್ಲಿ ಇದೇ ಮೇಲೆಂದು ತೋರುತ್ತದೆ. 2.10 ಸರಣಿಯಲ್ಲಿ ಇದಕ್ಕೆ ಪಾರದರ್ಶಕತೆಯ ಮತ್ತು ಅಪಾರದರ್ಶಕತೆಯ ಮಿತಿಗಳನ್ನು ಸೇರಿಸಿದ್ದಾರೆ. ಅವನ್ನು ಬದಲಿಸಿದರೆ ಮೇಲಿನ ಲೆಕ್ಕ ನಿಲ್ಲದು.

4. 128 ಮತ್ತು 188

ಮೇಲಿನ ಮರಳಿಕೆಗೆ ಒಂದು ಷರತ್ತಿದೆ. ಪದರಗಳ ಬೆರಕೆಯೂ ಸಂಕೇತಿತ ಮೌಲ್ಯಗಳಲ್ಲೇ ನಡೆಯಬೇಕು. ರೇಖೀಯ ಬೆಳಕಿನ ಮಾನದಲ್ಲಿ ನಡೆದರೆ ಅದೇ ಬಿಂದು, ಎಸ್‌ಆರ್‌ಜಿಬಿ ಪರಿವರ್ತನೆಯ ಬಳಿಕ, ಸುಮಾರು 188 ಆಗಿ ಕಾಣುತ್ತದೆ. ವ್ಯತ್ಯಾಸ 60 ಅಂಶ. 0 ಮತ್ತು 255ರಲ್ಲಿ ವ್ಯತ್ಯಾಸವೇ ಇಲ್ಲ. ಅದು ಬೀಳುವುದು ನಡುವಣ ಬೂದಿನಲ್ಲಿ, ಅಂದರೆ ಸವೆದ, ಓದು ಖಚಿತವಾಗದ ಗೆರೆಗಳ ಮೇಲೆ. ಮುದ್ರಿತ ಪಾಠದಲ್ಲಿ ಸಂಪಾದಕರು ಚೌಕಾವರಣದೊಳಗೆ ಹಾಕಬಹುದಾದ ಅಕ್ಷರ ಪರದೆಯ ಮೇಲೆ ನಿಸ್ಸಂದಿಗ್ಧವೆನಿಸುವಷ್ಟು ಬೆಳಗಬಹುದು. ಬೆರಕೆಯ ಮಾನವನ್ನು ದಾಖಲಿಸದ ಚಿತ್ರವನ್ನು ಆಧಾರವಾಗಿ ಒಪ್ಪುವುದು ಕಷ್ಟ.

ಇನ್ನೊಂದು ಮಿತಿ ಕಾಗದದ್ದು. ಒಣಗಿದಾಗ ಅದು ಕುಗ್ಗುವುದರಿಂದ ಮೇಲುಹೊದಿಕೆ ಅಂಚಿನಿಂದ ಅಂಚಿಗೆ ತಾಳೆಯಾಗುವುದನ್ನು ನಿರೀಕ್ಷಿಸಬಾರದು.

5. ಕಡತದ ಹೆಸರು, ಕಾಲ

ಅಜ್ಜಂಪುರ 1901ರಲ್ಲಿ ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಜಿಲ್ಲೆಯ ಹೆಸರೂ ಈಗ ಚಿಕ್ಕಮಗಳೂರು. ಕಡತಕ್ಕೆ ಇಂದಿನ ತಾಲ್ಲೂಕಿನ ಹೆಸರು ಕೊಟ್ಟರೆ ತಾಲ್ಲೂಕುವಾರು ಕೊಟ್ಟ ರೈಸ್ ಸಂಖ್ಯೆಯೊಡನೆ ಕೊಂಡಿ ಕಳಚುತ್ತದೆ. ಹಳೆಯ ಸಂಖ್ಯೆಯನ್ನು ಮೊದಲಿಟ್ಟು ಇಂದಿನ ಆಡಳಿತ ವಿಭಾಗವನ್ನು ವಿವರದಲ್ಲಿ ಸೇರಿಸುವುದು ಸುರಕ್ಷಿತ.

ಇಸವಿಯನ್ನು ಹೆಸರಿಗೆ ಸೇರಿಸುವುದೂ ಸಲ್ಲದು. ಅಮೃತಾಪುರದ ಅಮೃತೇಶ್ವರ ದೇವಾಲಯದ ಕಾಲ ಸಾಮಾನ್ಯವಾಗಿ 1196 ಎಂದು ಬರುತ್ತದೆ. ಜನ್ನ ಕವಿಯದೆನ್ನಲಾದ ಅಲ್ಲಿನ ಶಾಸನಕ್ಕೆ (ತರೀಕೆರೆ 45) 1197 ಎಂಬ ನಮೂದೂ ಇದೆ. ಶಕವರ್ಷಕ್ಕೆ 78 ಕೂಡಿಸುವುದೋ, ವರ್ಷದ ಕೊನೆಯ ತಿಂಗಳುಗಳಾದರೆ 79 ಕೂಡಿಸುವುದೋ ಎಂಬುದರಿಂದ ಇಷ್ಟು ಅಂತರ ಹುಟ್ಟಬಹುದು. ಎರಡೂ ನಮೂದುಗಳನ್ನು ನೋಡಿದವರು ಒಂದೇ ಕಲ್ಲಿಗೆ ಎರಡು ಕಡತ ಮಾಡಿಟ್ಟರೆ ಅಚ್ಚರಿಯಿಲ್ಲ.

6. ಉಳಿಸುವ ರೂಪ

ಜೆಪೆಗ್‌ನಲ್ಲಿ ಆಲ್ಫಾ ಇಲ್ಲ. ಜಿಫ್‌ನಲ್ಲಿ (1989ರ ಆವೃತ್ತಿ) ಒಂದು ಬಣ್ಣ ಪೂರ್ಣ ಪಾರದರ್ಶಕ, ಉಳಿದವು ಪೂರ್ಣ ಅಪಾರದರ್ಶಕ. ನಡುವಣ ಮೌಲ್ಯ ಉಳಿಯಲು 1996ರ ಪಿಎನ್‌ಜಿಯಂಥ ರೂಪವೇ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಪ್ರತಿ ಸಾಮಾನ್ಯವಾಗಿ ಜೆಪೆಗ್ ಆಗಿ ತಲುಪುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತವೇ ಹೋಗುತ್ತದೆ. ರಬ್ಬರ್ ಉಪಕರಣದಿಂದ ಕೈಯಾರೆ ಅಳಿಸಿದ ಕಡೆಗಳಿದ್ದರೆ, ಜಿಂಪ್‌ನಿಂದ ಪಿಎನ್‌ಜಿಗೆ ರಫ್ತು ಮಾಡುವಾಗ ಪಾರದರ್ಶಕ ಬಿಂದುಗಳ ಬಣ್ಣಮೌಲ್ಯ ಉಳಿಸುವ ಆಯ್ಕೆಯನ್ನೂ ಗುರುತು ಹಾಕಬೇಕು. ಮುಟ್ಟದ ಸ್ಕ್ಯಾನ್ ಪ್ರತಿ ಬೇರೆ ಇರಬೇಕಾದದ್ದು ಹೇಗೂ ಸರಿಯೇ.