ಕ್ರೆಡಿಟ್ ಕಾರ್ಡ್ ಕಂಪನಿಯ ಲೆಕ್ಕಪತ್ರ ಓದುವ ಬಗೆ: ಎಸ್‌ಬಿಐ ಕಾರ್ಡ್ ಉದಾಹರಣೆ

ಕಾರ್ಡ್ ಕಂಪನಿಯ ಲಾಭ ಏರಿತೇ, ಇಳಿಯಿತೇ ಎಂಬುದನ್ನು ಪತ್ರಿಕೆಯ ಒಂದು ಸಾಲಿನ ಸುದ್ದಿಯೇ ಹೇಳಿಬಿಡುತ್ತದೆ. ಕೊಟ್ಟ ಸಾಲ ವಾಪಸು ಬರುತ್ತಿದೆಯೇ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಅದಕ್ಕೆ ಕಂಪನಿಯು ಷೇರುಪೇಟೆಗೆ ಸಲ್ಲಿಸುವ ದಾಖಲೆಗಳನ್ನೇ ತೆರೆದು ನೋಡಬೇಕು. ಸೆಬಿ ನಿಯಮದ ಪ್ರಕಾರ ಫಲಿತಾಂಶದ ಪ್ರಕಟಣೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಮತ್ತು ಕಂಪನಿಯ ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಪತ್ರಿಕೆಯಲ್ಲಿ ಬರಬೇಕು. ಕಚೇರಿ ದೆಹಲಿಯಲ್ಲಿದ್ದರೆ ಕಾಸರಗೋಡಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಅದು ಕನ್ನಡದಲ್ಲಿ ಸಿಗುವುದಿಲ್ಲ. ಆದ್ದರಿಂದ ಇಂಥ ಕಂಪನಿಯ ಷೇರು ಇಟ್ಟುಕೊಂಡಿರುವ, ಕೊಳ್ಳುವ ಯೋಚನೆಯಲ್ಲಿರುವ ಸದಸ್ಯರಿಗೆ ಈ ಟಿಪ್ಪಣಿ.

ಉದಾಹರಣೆಗೆ ಎಸ್‌ಬಿಐ ಕಾರ್ಡ್ ಏಕೆ?

ನಮ್ಮ ದೇಶದಲ್ಲಿ ಹೆಚ್ಚಿನ ಕಾರ್ಡ್‌ಗಳನ್ನು ಬ್ಯಾಂಕುಗಳೇ ಕೊಡುತ್ತವೆ. ಬ್ಯಾಂಕಿನ ಲೆಕ್ಕದಲ್ಲಿ ಕಾರ್ಡ್ ಬಾಕಿಯು ಗೃಹಸಾಲ, ಚಿನ್ನದ ಸಾಲಗಳ ಜೊತೆ ಬೆರೆತಿರುತ್ತದೆ. ಸ್ಟೇಟ್ ಬ್ಯಾಂಕ್ 1998ರಲ್ಲಿ ಜಿಇ ಕ್ಯಾಪಿಟಲ್ ಜೊತೆ ಸೇರಿ ಆರಂಭಿಸಿದ ಎಸ್‌ಬಿಐ ಕಾರ್ಡ್ ಪ್ರತ್ಯೇಕ ಕಂಪನಿ. ಇದು ಠೇವಣಿ ಸ್ವೀಕರಿಸದ ಬ್ಯಾಂಕೇತರ ಹಣಕಾಸು ಸಂಸ್ಥೆ (ಎನ್‌ಬಿಎಫ್‌ಸಿ). 2020ರ ಮಾರ್ಚ್‌ನಲ್ಲಿ 755 ರೂಪಾಯಿ ದರದಲ್ಲಿ ಷೇರು ವಿತರಿಸಿ ಪೇಟೆಗೆ ಬಂತು. ಕೋವಿಡ್ ಭೀತಿಯ ಆ ದಿನಗಳಲ್ಲಿ ಮೊದಲ ದಿನವೇ ಬೆಲೆ 755ಕ್ಕಿಂತ ಕೆಳಗೆ ತೆರೆಯಿತು. ಅಂದಿನಿಂದ ಬರೀ ಕಾರ್ಡ್ ವ್ಯವಹಾರದ ಲೆಕ್ಕ ಪ್ರತಿ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಸಿಗುತ್ತಿದೆ.

ಯಾವ ದಾಖಲೆ, ಎಲ್ಲಿ?

ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಎಲ್ಲವೂ ಉಚಿತವಾಗಿ ಸಿಗುತ್ತವೆ. ಮುಖ್ಯವಾದವು ಮೂರು.

1. ತ್ರೈಮಾಸಿಕ ಫಲಿತಾಂಶ: ಅವಧಿ ಮುಗಿದ 45 ದಿನದೊಳಗೆ, ಇಡೀ ವರ್ಷದ್ದಾದರೆ 60 ದಿನದೊಳಗೆ ಬರಬೇಕು. ತ್ರೈಮಾಸಿಕ ಲೆಕ್ಕಕ್ಕೆ ಆಡಿಟರು ಸೀಮಿತ ಪರಿಶೀಲನೆ ಮಾಡಿರುತ್ತಾರೆ. ವಾರ್ಷಿಕ ಲೆಕ್ಕಕ್ಕೆ ಪೂರ್ಣ ಆಡಿಟ್ ಇರುತ್ತದೆ.

2. ಹೂಡಿಕೆದಾರರಿಗಾಗಿ ಸಿದ್ಧಪಡಿಸಿದ ಚಿತ್ರಪಟಗಳು (ಇನ್ವೆಸ್ಟರ್ ಪ್ರೆಸೆಂಟೇಷನ್): ಓದಲು ಸುಲಭ. ಆದರೆ ಯಾವುದನ್ನು ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ತೀರ್ಮಾನಿಸುವುದು ಕಂಪನಿಯೇ.

3. ವಾರ್ಷಿಕ ವರದಿ: ಲೆಕ್ಕದ ನೀತಿ, ಸಾಲದ ವಿಂಗಡಣೆ, ಕಂಪನಿಯೇ ಮಾಡಿದ ಸಾಲ, ಎಲ್ಲವೂ ಇದರ ಟಿಪ್ಪಣಿಗಳಲ್ಲಿ ಇರುತ್ತವೆ.

ಬಾಕಿ ಯಾವ ಬಗೆಯದು?

ಕಾರ್ಡ್ ಸಾಲಕ್ಕೆ ಸಾಮಾನ್ಯವಾಗಿ ಮನೆ, ಚಿನ್ನ ಯಾವುದೂ ಅಡಮಾನ ಇರುವುದಿಲ್ಲ. ಗ್ರಾಹಕರ ಬಾಕಿಯನ್ನು ಕಂಪನಿ ಮೂರು ಭಾಗ ಮಾಡಿ ತೋರಿಸುತ್ತದೆ. ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟುವವರ ಬಾಕಿ (ಟ್ರಾನ್ಸಾಕ್ಟರ್) ಮೊದಲನೆಯದು. ಇದರಿಂದ ಬಡ್ಡಿ ಹುಟ್ಟುವುದಿಲ್ಲ. ಅಂಗಡಿಯವರ ಕಡೆಯಿಂದ ಬರುವ ಶುಲ್ಕವಷ್ಟೇ ಆದಾಯ. ಎರಡನೆಯದು ಕಂತಿನ ಬಾಕಿ (ಇಎಂಐ). ಮೂರನೆಯದು ಕನಿಷ್ಠ ಮೊತ್ತ ಮಾತ್ರ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕುವವರ ಬಾಕಿ (ರಿವಾಲ್ವರ್). ಇದರ ಮೇಲೆ ತಿಂಗಳಿಗೆ ಶೇ. 3ಕ್ಕಿಂತ ಹೆಚ್ಚು ಬಡ್ಡಿ ಬೀಳುವುದು ಸಾಮಾನ್ಯ. ಕಂಪನಿಯ ದೊಡ್ಡ ಆದಾಯವೂ ದೊಡ್ಡ ಅಪಾಯವೂ ಇಲ್ಲೇ ಇದೆ. ಈ ಪಾಲು ಏರಿ ಲಾಭ ಹೆಚ್ಚಿದರೆ, ಅದೇ ಬಾಕಿ ಒಂದು ವರ್ಷದ ನಂತರ ಏನಾಯಿತು ಎಂದು ನೋಡುವವರೆಗೆ ಸಂತೋಷಪಡಬೇಕಾಗಿಲ್ಲ.

ಎನ್‌ಪಿಎ ಅಂಕಿ ಮತ್ತು ಅದರ ಕೆಳಗಿನ ಟಿಪ್ಪಣಿ

ಸಾಲಗಳನ್ನು ಮೂರು ಹಂತಗಳಲ್ಲಿ ವಿಂಗಡಿಸುತ್ತಾರೆ. ಹೆಚ್ಚುಕಡಿಮೆ ಸರಿಯಾಗಿ ಕಟ್ಟುತ್ತಿರುವುದು ಹಂತ 1. 30 ದಿನ ಮೀರಿದ ಸುಸ್ತಿ ಹಂತ 2. 90 ದಿನ ಮೀರಿದ್ದು ಹಂತ 3. ಒಟ್ಟು ಬಾಕಿಯಲ್ಲಿ ಹಂತ 3ರ ಪಾಲೇ ಪತ್ರಿಕೆಯಲ್ಲಿ ಬರುವ ಒಟ್ಟು ಎನ್‌ಪಿಎ.

ಈ ಒಂದೇ ಅಂಕಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2020ರ ಡಿಸೆಂಬರ್ ತ್ರೈಮಾಸಿಕವೇ ಸಾಕ್ಷಿ. ಆಗ ಎಸ್‌ಬಿಐ ಕಾರ್ಡ್‌ನ ಒಟ್ಟು ಎನ್‌ಪಿಎ ಶೇ. 1.61. ಹಿಂದಿನ ವರ್ಷ ಇದೇ ಹೊತ್ತಿಗೆ ಶೇ. 2.47 ಇತ್ತು. ಮೇಲ್ನೋಟಕ್ಕೆ ಕೋವಿಡ್ ಕಾಲದಲ್ಲೂ ವಸೂಲಿ ಸುಧಾರಿಸಿದಂತೆ ಕಾಣುತ್ತದೆ. ನಿಜ ಸಂಗತಿ ಬೇರೆ. ಆಗಸ್ಟ್ 31ರವರೆಗೆ ಎನ್‌ಪಿಎ ಆಗಿರದ ಖಾತೆಗಳನ್ನು ಮುಂದಿನ ಆದೇಶದವರೆಗೆ ಎನ್‌ಪಿಎ ಎಂದು ಘೋಷಿಸಬಾರದೆಂದು ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್ 3ರಂದು ಮಧ್ಯಂತರ ಆದೇಶ ನೀಡಿತ್ತು. ಆ ಆದೇಶ ಇಲ್ಲದಿದ್ದರೆ ಪ್ರಮಾಣ ಶೇ. 4.51 ಆಗುತ್ತಿತ್ತು ಎಂದು ಕಂಪನಿಯೇ ತಿಳಿಸಿತ್ತು. 2021ರ ಮಾರ್ಚ್ 23ರಂದು ಆ ತಡೆ ತೆರವಾಯಿತು. ಮಾರ್ಚ್ ಕೊನೆಯ ಲೆಕ್ಕದಲ್ಲಿ ಎನ್‌ಪಿಎ ಶೇ. 4.99 ಎಂದು ಬಂತು. ಜನವರಿಯಲ್ಲೇ ಟಿಪ್ಪಣಿ ಓದಿದವರಿಗೆ ಏಪ್ರಿಲ್‌ನ ಅಂಕಿ ಆಶ್ಚರ್ಯ ತರಲಿಲ್ಲ. ಕಂಪನಿ ಇಲ್ಲಿ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಶೇಕಡಾವಾರು ಇಳಿಯಲು ಎರಡು ಸುಲಭ ದಾರಿ

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 1,000 ಕೋಟಿ ಬಾಕಿಯಲ್ಲಿ 40 ಕೋಟಿ ಎನ್‌ಪಿಎ ಇದ್ದರೆ ಪ್ರಮಾಣ ಶೇ. 4. ಅದರಲ್ಲಿ 20 ಕೋಟಿಯನ್ನು ವಸೂಲಾಗದ ಸಾಲವೆಂದು ಲೆಕ್ಕದಿಂದ ತೆಗೆದುಹಾಕಿದರೆ (ರೈಟ್ ಆಫ್) 980 ಕೋಟಿಗೆ 20 ಕೋಟಿ, ಅಂದರೆ ಸುಮಾರು ಶೇ. 2. ಒಂದು ರೂಪಾಯಿಯೂ ವಸೂಲಾಗದೆ ಪ್ರಮಾಣ ಅರ್ಧವಾಯಿತು. ಇನ್ನೊಂದು ದಾರಿ ಹೊಸ ಸಾಲವನ್ನು ವೇಗವಾಗಿ ಹಂಚುವುದು. ಬಾಕಿ 1,300 ಕೋಟಿಗೆ ಬೆಳೆದರೆ ಅದೇ 40 ಕೋಟಿ ಶೇ. 3ರ ಆಸುಪಾಸಿಗೆ ಇಳಿಯುತ್ತದೆ. ಹೊಸ ಸಾಲ ಕೆಡಲು ಇನ್ನೂ ಸಮಯವಾಗಿರುವುದಿಲ್ಲ.

ಹಾಗಾಗಿ ಎನ್‌ಪಿಎ ಜೊತೆಗೆ ಲಾಭನಷ್ಟ ಪಟ್ಟಿಯಲ್ಲಿ ಕೆಟ್ಟ ಸಾಲಕ್ಕೆಂದು ತೆಗೆದಿಟ್ಟ ಮೊತ್ತವನ್ನೂ (ಇಂಪೇರ್‌ಮೆಂಟ್) ನೋಡಬೇಕು. ರೈಟ್ ಆಫ್ ಆದದ್ದರ ಪೆಟ್ಟು ಅಲ್ಲಿ ಬಿದ್ದಿರುತ್ತದೆ. ಎಸ್‌ಬಿಐ ಕಾರ್ಡ್‌ನ ಒಟ್ಟು ಎನ್‌ಪಿಎ 2024ರ ಮಾರ್ಚ್‌ನಲ್ಲಿ ಶೇ. 2.76 ಇದ್ದದ್ದು 2025ರ ಮಾರ್ಚ್‌ಗೆ ಶೇ. 3.08 ಆಯಿತು. ಇಷ್ಟನ್ನೇ ನೋಡಿದರೆ ಏರಿಕೆ ಸಣ್ಣದು. ಆದರೆ ಇಂಪೇರ್‌ಮೆಂಟ್ ಮತ್ತು ಮುಳುಗಿದ ಸಾಲದ ಖರ್ಚು ಸುಮಾರು 3,290 ಕೋಟಿಯಿಂದ ಸುಮಾರು 4,870 ಕೋಟಿಗೆ ಜಿಗಿದಿತ್ತು. ಆ ವರ್ಷ ಒಟ್ಟು ಆದಾಯ ಬೆಳೆದರೂ ನಿವ್ವಳ ಲಾಭ 2,408 ಕೋಟಿಯಿಂದ 1,916 ಕೋಟಿಗೆ ಇಳಿದದ್ದು ಮುಖ್ಯವಾಗಿ ಇದರಿಂದ.

ಬಂಡವಾಳ ಮತ್ತು ಸಾಲದ ಮೂಲ

ಠೇವಣಿ ಇಲ್ಲದ ಕಂಪನಿ ಬ್ಯಾಂಕ್ ಸಾಲ, ಡಿಬೆಂಚರ್, ಅಲ್ಪಾವಧಿಯ ಕಮರ್ಷಿಯಲ್ ಪೇಪರ್ ಮೂಲಕ ಹಣ ತರಬೇಕು. ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ ಎಷ್ಟು, ಅದೇ ಅವಧಿಯಲ್ಲಿ ಗ್ರಾಹಕರಿಂದ ಬರಬೇಕಾದ್ದು ಎಷ್ಟು ಎಂಬುದು ವಾರ್ಷಿಕ ವರದಿಯಲ್ಲಿರುತ್ತದೆ. ನಷ್ಟ ತಾಳಿಕೊಳ್ಳುವ ಶಕ್ತಿಯನ್ನು ಬಂಡವಾಳ ಪರ್ಯಾಪ್ತತಾ ಅನುಪಾತ ತಿಳಿಸುತ್ತದೆ. ಇದು ಕನಿಷ್ಠ ಶೇ. 15 ಇರಬೇಕು. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕ್, ಎನ್‌ಬಿಎಫ್‌ಸಿಗಳ ಕಾರ್ಡ್ ಬಾಕಿಯ ಅಪಾಯ ತೂಕವನ್ನು ಶೇ. 100ರಿಂದ 125ಕ್ಕೆ ಏರಿಸಿತು. ಅಂದರೆ 100 ರೂಪಾಯಿ ಬಾಕಿಗೆ 20 ರೂಪಾಯಿ ಬಂಡವಾಳ ಇಟ್ಟಿದ್ದರೆ ಶೇ. 20 ಇದ್ದ ಅನುಪಾತ ಒಮ್ಮೆಗೇ ಶೇ. 16 ಆಗುತ್ತದೆ. ಆ ತ್ರೈಮಾಸಿಕದಲ್ಲಿ ಅನುಪಾತ ಇಳಿದದ್ದು ಕಂಡರೆ ಅದು ನಿಯಮದ ಪರಿಣಾಮವೋ, ನಷ್ಟದ ಪರಿಣಾಮವೋ ಎಂದು ಬಿಡಿಸಿ ನೋಡಬೇಕು.

ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಾದ್ದು

ಪ್ರತಿ ತ್ರೈಮಾಸಿಕಕ್ಕೂ ಆರು ಅಂಕಿ ಸಾಕು: ಒಟ್ಟು ಬಾಕಿ, ರಿವಾಲ್ವರ್ ಪಾಲು, ಹಂತ 2ರ ಪಾಲು, ಒಟ್ಟು ಎನ್‌ಪಿಎ, ಇಂಪೇರ್‌ಮೆಂಟ್ ಮೊತ್ತ, ಬಂಡವಾಳ ಅನುಪಾತ. ಎಂಟು ತ್ರೈಮಾಸಿಕಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿ. ಎನ್‌ಪಿಎ ಇಳಿದು ಇಂಪೇರ್‌ಮೆಂಟ್ ಏರುತ್ತಿದ್ದರೆ, ಕೆಟ್ಟ ಸಾಲ ವಸೂಲಾಗುತ್ತಿಲ್ಲ, ಲೆಕ್ಕದಿಂದ ಹೊರಹೋಗುತ್ತಿದೆ ಎಂದು ಅನುಮಾನಿಸಬೇಕು. ಎರಡೂ ಇಳಿಯುತ್ತಾ ಹಂತ 2 ಕೂಡ ಕುಗ್ಗುತ್ತಿದ್ದರೆ ವಸೂಲಿ ನಿಜಕ್ಕೂ ಸುಧಾರಿಸುತ್ತಿದೆ ಎನ್ನಬಹುದು. ಯಾವುದೇ ಅಂಕಿ ಒಮ್ಮೆಗೇ ಬದಲಾದ ತ್ರೈಮಾಸಿಕದಲ್ಲಿ ಕೋಷ್ಟಕದ ಕೆಳಗಿನ ಟಿಪ್ಪಣಿಗಳನ್ನು ಓದದೆ ಷೇರು ಕೊಳ್ಳುವುದು, ಮಾರುವುದು ಎರಡೂ ಬೇಡ.